ಯಾರೂ ಓಡದ ಊರು

ಆ ಮನೆಯೊಳಗೆ ಹೆಜ್ಜೇನು ಕಟ್ಟಿದೆ ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಮೂರು ಹೊತ್ತೂ ಗುಂಯ್ ಎನ್ನುವ ಸದ್ದು. ಅದಕ್ಕೇ ಅಲ್ಲಿದ್ದ ಒಂಟಿ ಹೆಂಗಸಿಗೆ ಗುಂಯ್ಯತ್ತೆ ಎಂಬ ಹೆಸರು ಬಿದ್ದಿತ್ತು. ಮುಂದಿನ ಕೋಣೆಯಲ್ಲಿ ಕೂತು ಹರಿದ ಬಟ್ಟೆಗೆ ರಫು ಹಾಕುವುದು ಅವಳ ಕಸುಬು. ಹಿಂದಿನ ಕೋಣೆಯ ಸಂಗತಿ ಗೊತ್ತಿದ್ದದ್ದು ಅವಳ ಅಣ್ಣನ ಮಗಳಿಗೆ ಮಾತ್ರ: ಒಂದು ಮುದಿ ಕಂಪ್ಯೂಟರು, ಅದರ ಹೊಟ್ಟೆಯಲ್ಲಿ ಇಡೀ ಒಂದು ಊರು.

ಅದೊಂದು ಆನ್‌ಲೈನ್ ಆಟ. ಲಾಭವಿಲ್ಲವೆಂದು ಕಂಪನಿ ಅದನ್ನು ಮುಚ್ಚಿ ಕೈತೊಳೆದುಕೊಂಡಾಗ, ಆಡುತ್ತಿದ್ದವರು ಚೂರುಚೂರಾಗಿ ಉಳಿಸಿಕೊಂಡಿದ್ದನ್ನೆಲ್ಲ ಅತ್ತೆ ಒಟ್ಟುಮಾಡಿದಳು. ಎಳೆಗೆ ಎಳೆ ಕೂಡಿಸಿ ಆ ಮುದಿ ಕಂಪ್ಯೂಟರನ್ನೇ ಸರ್ವರ್ ಮಾಡಿ ಮತ್ತೆ ನಿಲ್ಲಿಸಿದಳು. ಯಾರು ಬೇಕಾದರೂ ಬರಬಹುದು. ಕಟ್ಟಳೆ ಒಂದೇ: ಆಟದೊಳಗೆ ಜನ ಸೇರಿದ ಕಡೆ ಓಡಕೂಡದು. ಓಡಿದರೆ ಮುದಿ ಕಂಪ್ಯೂಟರಿಗೆ ಉಸಿರುಕಟ್ಟಿ ಊರಿಗೆ ಊರೇ ಕತ್ತಲಾಗುತ್ತಿತ್ತು.

ಎಷ್ಟೋ ವರ್ಷದ ಮೇಲೆ ಕಂಪನಿಗೆ ನೆನಪಾಯಿತು. ಆಟ ನಮ್ಮ ಸ್ವತ್ತು ಎಂದು ಕೋರ್ಟಿಗೆ ಹೋಯಿತು. ನೀವು ಬಿಸಾಡಿದ್ದನ್ನು ನಾನು ಎತ್ತಿಟ್ಟುಕೊಂಡೆ ಎಂದಳು ಅತ್ತೆ. ಬಿಸಾಡಿದರೂ ಹಕ್ಕು ಹೋಗುವುದಿಲ್ಲ ಎಂದಿತು ಕಾನೂನು. ಭಾನುವಾರ ಸಂಜೆ ಊರು ಮುಚ್ಚಬೇಕು, ಮಾರನೆಯ ದಿನ ಕಂಪ್ಯೂಟರನ್ನು ಕೋರ್ಟಿಗೆ ಒಪ್ಪಿಸಬೇಕು.

ಮುಚ್ಚುವುದನ್ನು ಕಣ್ಣಾರೆ ನೋಡಲು ಕಂಪನಿಯ ವಕೀಲ ಬಂದ. ಈ ಡಬ್ಬಕ್ಕಾ ಇಷ್ಟು ರಂಪ ಎಂದು ನಕ್ಕು ಕುರ್ಚಿ ಎಳೆದುಕೊಂಡ.

ಅಷ್ಟರಲ್ಲಿ, ಊರು ಮುಚ್ಚುವ ಸುದ್ದಿ ತಿಳಿದು, ಪರದೆಯ ಮೇಲಿನ ಊರ ಸೇತುವೆಗೆ ಜನ ಬರತೊಡಗಿದರು. ಎಂದೋ ಆಟ ಬಿಟ್ಟವರು, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡುತ್ತಿದ್ದೇವೆ ಎಂದು ಬರೆದವರು, ಯಾವ ಯಾವ ಸಮುದ್ರದಾಚೆಯವರೋ. ಇದರ ಅರ್ಧದಷ್ಟು ಜನರನ್ನೂ ಆ ಕಂಪ್ಯೂಟರು ಹೊತ್ತಿರಲಿಲ್ಲ. ಪಕ್ಕದಲ್ಲಿದ್ದ ಅಣ್ಣನ ಮಗಳು ಅತ್ತೆಯ ತೋಳು ಹಿಡಿದಳು.

"ಅತ್ತೇ, ಬಿದ್ದುಹೋಗುತ್ತೆ. ಇನ್ಯಾರನ್ನೂ ಒಳಗೆ ಬಿಡ್ಬೇಡ."

"ಸುಮ್ನೆ ನೋಡ್ತಿರು. ನಮ್ಮೋರು ಅವರು."

ಒಬ್ಬರೂ ಓಡಲಿಲ್ಲ. ಒಬ್ಬರ ಹಿಂದೊಬ್ಬರು ಸೇತುವೆ ದಾಟಿ, ಊರ ನಡುವಿನ ಬಾವಿಕಟ್ಟೆಯ ಮುಂದೆ ಚಣ ನಿಂತು, ಮೆಲ್ಲಗೆ ಮುಂದೆ ಸರಿದರು. ಸಾಲಿನ ಬಾಲ ಗುಡ್ಡದಾಚೆ ಎಲ್ಲೋ ಕರಗಿತ್ತು. ಕಂಪ್ಯೂಟರು ಏದುಸಿರು ಬಿಟ್ಟಿತು, ಬೀಳಲಿಲ್ಲ. ವಕೀಲ ಯಾವಾಗ ಎದ್ದು ನಿಂತನೋ ಅವನಿಗೇ ತಿಳಿಯದು.

"ಇವರಿಗೆಲ್ಲ ಯಾರಮ್ಮ ಹೇಳಿಕೊಟ್ಟಿದ್ದು?"

"ಒಬ್ಬ ಓಡಿದ್ರೆ ಮಿಕ್ಕವರ ಊರು ಹೋಗುತ್ತಲ್ಲ ಸಾರ್."

ಗೊತ್ತುಮಾಡಿದ ಹೊತ್ತು ಮೀರಿತ್ತು. ವಕೀಲ ಗಡಿಯಾರದ ಕಡೆ ತಿರುಗಲಿಲ್ಲ. ಕೊನೆಯವನು ದಾಟಿದ ಮೇಲೆ ಅತ್ತೆಯೇ ಗುಂಡಿ ಒತ್ತಿದಳು. ಸದ್ದು ನಿಂತಿತು. ಗಾಬರಿಯಾಗಿ ಪಕ್ಕದ ಮನೆಯಾಕೆ ಇಣುಕಿದಳು.

"ಏನ್ರೀ, ಜೇನು ಎದ್ದುಹೋಯ್ತಾ?"

"ಹೂಂ ಕಣ್ರೀ. ಒಂದೂ ಕಚ್ಚಲಿಲ್ಲ."

ಕಂಪ್ಯೂಟರಿಗೆ ತಂಪಿರಲೆಂದೇ ಹಿಡಿದಿದ್ದ ಬಾಡಿಗೆ ಮನೆ ಅದು. ಇನ್ನು ಅವಳಿಗೆ ಅಣ್ಣನ ಮನೆಯೇ ಗತಿ. ಮಾರನೆಯ ಬೆಳಿಗ್ಗೆ ಸಾಮಾನೆಲ್ಲ ಹೋದ ಮೇಲೆ, ಕೋರ್ಟಿಗೆ ಒಪ್ಪಿಸಬೇಕಾದ ಕಂಪ್ಯೂಟರನ್ನು ರಫು ಹಾಕಿದ ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಮಹಡಿ ಮನೆಯ ಹೊಸಿಲು ದಾಟಿದಳು. ಕೆಳಗೆ ಟ್ಯಾಕ್ಸಿಯವನ ಹಾರನ್ನು. ಬೇಗ ಬಾ ಅತ್ತೆ ಎಂದಳು ಹುಡುಗಿ. ಅತ್ತೆ ಒಂದೊಂದೇ ಮೆಟ್ಟಿಲು ಇಳಿದಳು. ಬೀಳ್ಕೊಡಲು ಬಂದ ಅಕ್ಕಪಕ್ಕದವರೂ ಹಿಂದೆಯೇ ಇಳಿದರು, ಒಬ್ಬರ ಹಿಂದೊಬ್ಬರು, ಅವಳನ್ನು ಯಾರೂ ದಾಟದೆ.