ಕುಸುಬಿ ಎಣ್ಣೆಯ ಬಿಲ್ಲೆಗಳು

ಅಂದು ಬದುವಿನ ಮೇಲೆ ಇಟ್ಟಿದ್ದ ಗಡಿಗೆಗಳು ಆರೋ ಏಳೋ, ಖಚಿತವಿಲ್ಲ. ಅತ್ತಿ ಹಸಿರು ಸೀರೆ ಉಟ್ಟಿದ್ದಳು ಎಂದು ಬರೆಯಲು ಹೊರಟು ನಿಲ್ಲಿಸಿದೆ. ಆ ಸೀರೆಯನ್ನು ಅವಳು ಕೊಂಡದ್ದು ಬಹುಶಃ ಅದಾಗಿ ಎಷ್ಟೋ ವರ್ಷಕ್ಕೆ. ತೊಂಬತ್ತರ ದಶಕದ ಮೊದಲಲ್ಲಿ, ನಾನು ಆರನೆಯ ಇಲ್ಲವೆ ಏಳನೆಯ ಇಯತ್ತೆಯಲ್ಲಿದ್ದಾಗ ನಡೆದದ್ದು ಇದು. ಮುಂದೆ ಧಾರವಾಡದಲ್ಲಿ ಇತಿಹಾಸ ಓದಿ ಸಾಕ್ಷಿಗಳನ್ನು ಅನುಮಾನಿಸುವುದು ಕಲಿತೆ. ಸಾಕ್ಷಿ ನಾನೇ ಆದಾಗ ಅನುಮಾನ ಇನ್ನೂ ಹೆಚ್ಚು. ಆದರೂ ಆ ಬಿಲ್ಲೆಗಳನ್ನು ಮಾಡಿದ ಕೈ ನನ್ನದೇ, ಅದರಲ್ಲಿ ಸಂಶಯವಿಲ್ಲ.

ಬಿಲ್ಲೆ ಎಂದರೆ ಬಂದೂಕಿಗೆ ಹಾಕುವ ಬಟ್ಟೆಯ ದುಂಡು ತುಣುಕು. ಅಜ್ಜನದು ಬಾಯಿಂದ ಮದ್ದು ತುಂಬುವ ಹಳೆಯ ರೈಫಲ್. ಮದ್ದು ಸುರಿದ ಮೇಲೆ ನಳಿಗೆಯ ಬಾಯಿಗೆ ಬಿಲ್ಲೆ ಇಟ್ಟು, ಅದರ ನಡುವೆ ಸೀಸದ ಗುಂಡು ಕೂರಿಸಿ, ಗಜದ ಕೋಲಿನಿಂದ ತಳದವರೆಗೆ ದೂಡಬೇಕು. ಬಿಲ್ಲೆ ಜಾರಬೇಕು, ಸಡಿಲಾಗಬಾರದು. ಅದಕ್ಕೆ ಸರಿಯಾದ ಜಿಡ್ಡು ಬೇಕು. ಜಿಡ್ಡಿಲ್ಲದಿದ್ದರೆ ಬಟ್ಟೆ ಒಳಗೇ ಸುಟ್ಟು ಗುಂಡು ಎತ್ತಲೋ ಹೋಗುತ್ತದೆ. ಹಿಂದಿನ ಹೊಡೆತದ ಮಸಿಯೂ ನಳಿಗೆಯೊಳಗೆ ಕಲ್ಲಿನಂತೆ ಕಟ್ಟಿಕೊಳ್ಳುತ್ತದೆ.

ಬಟ್ಟೆ ಅಜ್ಜನ ಹಳೆಯ ಧೋತರದ್ದು. ಗಂಜಿಯೆಲ್ಲ ಹೋಗುವಷ್ಟು ಸಲ ಒಗೆದದ್ದೇ ಆಗಬೇಕು. ಔಡಲೆಣ್ಣೆಯಲ್ಲಿ, ಅಂದರೆ ಹರಳೆಣ್ಣೆಯಲ್ಲಿ, ಜೇನುಮೇಣ ಕರಗಿಸಿ ಬಿಲ್ಲೆಗಳನ್ನು ಅದ್ದುವುದು. ಅಳತೆ ಎಂಬುದಿರಲಿಲ್ಲ. ಒಂದು ಹನಿ ಉಗುರಿನ ಮೇಲೆ ಬಿಟ್ಟರೆ ಚಳಿಗಾಲದ ತುಪ್ಪದಂತೆ ಕೂರಬೇಕು, ಅಷ್ಟೇ. ಮಿಲಿಟರಿಯಿಂದ ನಿವೃತ್ತರಾಗಿ ಬಂದ ಊರಿನವರೊಬ್ಬರು ಕುರಿಯ ಚರಬಿ ಇದಕ್ಕಿಂತ ಛಲೋ ಎಂದು ಉಪದೇಶ ಮಾಡಿದಾಗ ಅಜ್ಜ ಅಂದಿದ್ದರು: "ದೇವರ ಮನಿ ಬಾಜೂಕ ಬಂದೂಕ ಇಡತೇವ್ರಿ ನಾವು. ಚರಬಿ ಹಚ್ಚಿ ಎಲ್ಲಿ ಇಡೂಣು, ನಿಮ್ಮನ್ಯಾಗ?"

ಸಂಪಗಾಂವದ ಆಚೆ ನಮ್ಮ ಹೊಲ. ಶೇಂಗಾಕ್ಕೆ ಹಂದಿ ಬರುತ್ತಿದ್ದವು. ಬೆಳೆ ಕಾಯಲೆಂದೇ ಅಜ್ಜನಿಗೆ ಆ ಬಂದೂಕಿನ ಲೈಸನ್ಸ್ ಸಿಕ್ಕಿತ್ತು. ಅವರು ಹಂದಿ ಹೊಡೆದದ್ದನ್ನು ನಾನು ನೋಡಲಿಲ್ಲ. ಸಪ್ಪಳಕ್ಕೇ ಅವು ಓಡುತ್ತಿದ್ದವು. ಈಗ ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು. ಲೈಸನ್ಸನ್ನು ಮಕ್ಕಳಲ್ಲಿ ಒಬ್ಬರ ಹೆಸರಿಗೆ ಮಾಡಿಸಲು ಅರ್ಜಿ ಬರೆಯಬೇಕಿತ್ತು. ನನ್ನ ತಂದೆ ಮೊದಲೇ ಕೈಮುಗಿದು ಹಿಂದೆ ಸರಿದರು. ಉಳಿದವರು ಇಬ್ಬರು: ಅತ್ತಿ ಮತ್ತು ಕಾಕಾ.

ಅತ್ತಿ ನನ್ನ ತಂದೆಯ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದು ಎಂಟು ವರ್ಷದಿಂದ ಆ ಹೊಲ ಮಾಡುತ್ತಿದ್ದವಳು. ಕಾಕಾ ಎಲ್ಲರಿಗಿಂತ ಸಣ್ಣವನು, ಸವದತ್ತಿಯಲ್ಲಿ ನೌಕರಿ, ರವಿವಾರ ಬರುತ್ತಿದ್ದ. ಹೊಲವನ್ನು ಪಾಲಿಗೆ ಹಾಕಿ ಅಕ್ಕ ಮನೆಯಲ್ಲಿ ಆರಾಮ ಇರಲಿ ಎಂಬುದು ಅವನ ಮಾತು. ಬಂದೂಕು ಯಾರದೋ, ಹೊಲದ ಯಜಮಾನಿಕೆ ಅವರದು ಎಂದು ನಮ್ಮ ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ಕಾಕಾನಿಗೆ ಹೋದರೆ ಅತ್ತಿ ಹೊಲ ಬಿಟ್ಟು ಒಲೆಯ ಮುಂದೆ ಕೂರಬೇಕು. ಆರಾಮ ಎಂಬ ಶಬ್ದ ಕೇಳಿದರೇ ಅವಳ ಮುಖ ಗಂಟಾಗುತ್ತಿತ್ತು.

ಅಜ್ಜ ತೀರ್ಪು ಕೊಟ್ಟರು. "ಬರೂ ರವಿವಾರಕ್ಕಿಂತ ಆಚಿ ರವಿವಾರ. ಅರವತ್ತ ಹೆಜ್ಜಿ. ಮೂರು ಮೂರು ಗುಂಡು. ಯಾರು ಹೆಚ್ಚು ಗಡಿಗಿ ಒಡೀತೀರಿ, ಅವರ ಹೆಸರಲೆ ಅರ್ಜಿ."

ಬಿಲ್ಲೆಗಳ ಕೆಲಸ ನನಗೆ ಬಂತು. ನಾನು ಅತ್ತಿಯ ಪಕ್ಷ, ಆದರೆ ಕೆಲಸ ನಿಷ್ಠೆಯಿಂದಲೇ ಮಾಡಿದೆ. ಔಡಲೆಣ್ಣೆ ಮುಗಿದಿತ್ತು. ಎಣ್ಣೆಗೆ ಎಣ್ಣೆ ಎಂದು ಅಡುಗೆಮನೆಯ ಕುಸುಬಿ ಎಣ್ಣೆಯಲ್ಲೇ ಮೇಣ ಕರಗಿಸಿದೆ. ಹೀಗೆ ನನ್ನ ನೆನಪು. ಚೆನ್ನಾಗಿ ಹೀರಲಿ ಎಂದು ಮೊರದಲ್ಲಿ ಹರವಿ ಹತ್ತು ದಿನ ಮಾಳಿಗೆಯ ಬಿಸಿಲಿಗೆ ಇಟ್ಟೆ. ಸಂಡಿಗೆ ಒಣಗಿಸುವ ಮನೆಯ ಹುಡುಗಿಗೆ ಮತ್ತೇನು ಹೊಳೆದೀತು?

ಆ ರವಿವಾರ ಬೆಳಿಗ್ಗೆ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ.

"ಬಂದೂಕ ಹೊಡಿಯಾಕ ಬಂದೀಯೋ, ಕನ್ಯಾ ನೋಡಾಕ ಬಂದೀಯೋ?" ಎಂದಳು ಅತ್ತಿ.

"ಗೆದ್ದ ಮ್ಯಾಲೆ ಫೋಟೋ ತೆಗಸಬೇಕಲ್ಲಬೇ ಅಕ್ಕಾ."

ಅವನ ಮೊದಲ ಗುಂಡಿಗೇ ಗಡಿಗೆ ಚೂರಾಯಿತು. ದೂಡುವಾಗ ಬಿಲ್ಲೆ ಸ್ವಲ್ಪ ಹಿಡಿದಿತ್ತು, ಯಾರೂ ಲೆಕ್ಕಿಸಲಿಲ್ಲ. ಎರಡನೆಯದು ಅರ್ಧ ನಳಿಗೆಗೆ ಹೋಗಿ ನಿಂತೇಬಿಟ್ಟಿತು. ಕಾಕಾ ಕೋಲಿನ ಮೇಲೆ ಜೋತುಬಿದ್ದ. ಮುಖ ಕೆಂಪಾಯಿತು, ಅಂಗಿ ಬೆನ್ನಿಗಂಟಿತು, ಗುಂಡು ಕದಲಲಿಲ್ಲ.

"ಅದನ್ನ ಹಂಗ ಹಾರಿಸಿದರ?" ಎಂದ.

"ನಳಿಗಿ ಒಡದು ನೀನ ಹಾರತೀ. ತಾ ಇಲ್ಲೆ," ಎಂದು ಅಜ್ಜ ಬಂದೂಕು ಕಸಿದುಕೊಂಡರು.

ತುದಿಗೆ ತಿರುಪು ಇದ್ದ ಇನ್ನೊಂದು ಕೋಲಿನಿಂದ ಗುಂಡನ್ನು ಹೊರಗೆಳೆದು, ಮದ್ದು ತೆಗೆದು, ಬಿಸಿನೀರು ಕಾಸಿ ನಳಿಗೆ ತೊಳೆಯುವಷ್ಟರಲ್ಲಿ ಎಲ್ಲರಿಗೂ ಎರಡೆರಡು ಸಲ ಚಹಾ ಆಯಿತು. ಅಜ್ಜ ಡಬ್ಬಿಯಿಂದ ಒಂದು ಬಿಲ್ಲೆ ತೆಗೆದು ಬೆರಳಲ್ಲಿ ಮುರಿದರು. ಅದು ನಿಜಕ್ಕೂ ಲಟಕ್ಕನೆ ಸಪ್ಪಳ ಮಾಡಿತೋ, ಹೇಳಿ ಹೇಳಿ ನಾನೇ ಆ ಸಪ್ಪಳ ಸೇರಿಸಿದ್ದೇನೋ ತಿಳಿಯದು.

"ಹಪ್ಪಳ ಮಾಡೀಯಲ್ಲೇ ಯವ್ವಾ! ಕುಸುಬಿ ಎಣ್ಣಿ ಏನಿದು?"

ನಾನು ಹೂಂ ಎಂದೆ. ಔಡಲೆಣ್ಣೆ ಒಣಗುವುದಿಲ್ಲ, ಕುಸುಬಿ ಎಣ್ಣೆ ಒಣಗಿ ಅಂಟಾಗುತ್ತದೆ ಎಂದು ಅಂದು ಕಲಿತೆ. ಮನೆಯ ಎಣ್ಣೆ ಡಬ್ಬಿಯ ಹೊರಮೈಯಲ್ಲಿ ಇಳಿದ ಎಣ್ಣೆ ಉಗುರಿಗೂ ಬಾರದಂತೆ ಗಟ್ಟಿಯಾಗುತ್ತದೆ. ಅದನ್ನು ತಿಕ್ಕುವ ಹೆಂಗಸರಿಗೆಲ್ಲ ಗೊತ್ತಿದ್ದ ಸಂಗತಿ, ತಿಕ್ಕದ ನನಗೆ ಗೊತ್ತಿರಲಿಲ್ಲ. ಅಳುವುದೋ ನಗುವುದೋ ತಿಳಿಯದೆ ನಿಂತಿದ್ದಾಗ ಕಾಕಾನೇ ನಕ್ಕುಬಿಟ್ಟ. "ಇರಲಿ ಬಿಡ್ರಿ. ಅಕ್ಕನ ಪಾಳಿ ಮೊದಲ ಆಗಲಿ."

ಅತ್ತಿ ನನ್ನ ಡಬ್ಬಿಯನ್ನು ಮುಟ್ಟಲೇ ಇಲ್ಲ. ಸೊಂಟದ ಸಂಚಿಯಿಂದ ಒಣ ಧೋತರದ ಮೂರು ಬಿಲ್ಲೆ ತೆಗೆದಳು, ಒಂದನ್ನು ಎಲೆ ಅಡಿಕೆಯ ಜೊತೆ ಬಾಯಿಗೆ ಹಾಕಿ ಅಗಿದಳು. ಜಿಡ್ಡು ಇಲ್ಲದಾಗ ಬಿಲ್ಲೆಯನ್ನು ಉಗುಳಿನಿಂದ ನೆನೆಸುವ ಈ ಪದ್ಧತಿ ಅಜ್ಜನದೇ. ಕೆಂಪಗೆ ತೊಯ್ದ ಬಿಲ್ಲೆ ಬಾಯಿಂದ ತೆಗೆದು ನಳಿಗೆಗಿಟ್ಟಳು. ಕೋಲು ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಮೊದಲ ಗಡಿಗೆ ಒಡೆಯಿತು, ಎರಡನೆಯದು ತಪ್ಪಿತು, ಮೂರನೆಯದರ ಕಂಠ ಹಾರಿಹೋಯಿತು. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ವಾದ ನಡೆಯಿತು. ಅಜ್ಜ ಎದ್ದು ಹೋಗಿ ಕೈಯಿಂದ ತಡವಿ ಬಂದು ಹೇಳಿದರು: "ಈ ಗಡಿಗ್ಯಾಗ ನಾಳಿ ನೀರು ತುಂಬತೀರೇನು? ಇಲ್ಲ. ಅಂದರ ಒಡದೈತಿ."

ಕಾಕಾನಿಗೆ ಎರಡು ಗುಂಡು ಉಳಿದಿದ್ದವು. ಎಲೆ ಅಡಿಕೆ ತಿನ್ನದವನು; ಅಜ್ಜ ಹೊಸದಾಗಿ ಕತ್ತರಿಸಿ ಕೊಟ್ಟ ಬಟ್ಟೆ ಅಗಿಯಲು ಹೋಗಿ ಓಕರಿಸಿದ. "ಯಪ್ಪಾ, ಇದು ನಿಮ್ಮ ಧೋತರಾ ಐತಿ! ಬಾಯಾಗ ಹೆಂಗ ಹಾಕ್ಕೊಳ್ಳಿ?"

"ಒಗದೈತೋ. ಭಾಳ ಸಲ ಒಗದೈತಿ."

ನಾಲಿಗೆಯ ತುದಿಗೆ ಮುಟ್ಟಿಸಿ ಒಣ ಬಿಲ್ಲೆಯನ್ನೇ ಹಾಕಿದ. ಎರಡು ಗುಂಡೂ ಬದುವಿನ ಮಣ್ಣಿಗೆ ಹೋದವು. ಅಜ್ಜ, ಗುಂಡಿನ ಜೊತೆ ಹಾರಿ ಮುಂದೆ ಬಿದ್ದಿದ್ದ ಬಿಲ್ಲೆಗಳನ್ನು ನನ್ನಿಂದ ಆರಿಸಿ ತರಿಸಿದರು. ಅತ್ತಿಯವು ಅಂಚು ಮಾತ್ರ ಸೀದಿದ್ದವು. ಕಾಕಾನವುಗಳಲ್ಲಿ ನಡುವೆ ಬೆರಳು ತೂರುವಷ್ಟು ತೂತು. ಕಾಕಾ ಆ ತೂತಿನಿಂದ ನನ್ನನ್ನು ನೋಡಿ, "ಅಕ್ಕನ ಕಡೆ ವಕೀಲಿಕಿ ಮಾಡಿದಿ ನೋಡ," ಎಂದು ನನ್ನ ಕಿವಿ ಹಿಂಡಿದ. ಸಂಜೆಯ ಬಸ್ಸಿಗೆ ಹೋಗುವ ಮೊದಲು ಅರ್ಜಿ ಬರೆದುಕೊಟ್ಟವನೂ ಅವನೇ. ಅಕ್ಷರ ದುಂಡಗಿದ್ದವು.

ಲೈಸನ್ಸ್ ಬರಲು ಬಹಳ ದಿನ ಹಿಡಿಯಿತು, ಆದರೆ ಬಂತು. ಹೊಲ ಅತ್ತಿಯ ಕೈಯಲ್ಲೇ ಉಳಿಯಿತು. ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ಅವಳು ಕೌದಿಯಲ್ಲಿ ಸುತ್ತಿ ಬೈಲಹೊಂಗಲದ ಬಸ್ಸು ಹತ್ತುತ್ತಿದ್ದಳು. "ಯಾರದಬೇ ಇದು, ನಿಮ್ಮ ಮಾಲಕರದೇನು?" ಎಂದು ಹೊಸ ಪೊಲೀಸರು ಯಾರಾದರೂ ಕೇಳಿದರೆ, "ಮಾಲಕರನ್ನ ನೀವು ಈಗ ಮಾತಾಡಸಾಕ ಹತ್ತೀರಿ," ಎನ್ನುತ್ತಿದ್ದಳಂತೆ. ಇದನ್ನು ನನಗೆ ಹೇಳಿದ್ದು ಅವಳೇ, ಆದ್ದರಿಂದ ಅರ್ಧ ನಂಬುತ್ತೇನೆ.

ನಾನು ರಾಮದುರ್ಗದಲ್ಲಿ ಕಲಿಸಲು ಸೇರಿ ಕೆಲವು ವರ್ಷಗಳಾದ ಮೇಲೆ, ಎರಡು ಸಾವಿರದ ಇಸವಿ ದಾಟಿತ್ತು, ಸಾಲೆಯ ದಿನಗಳ ದಿನಚರಿಯೊಂದು ಸಿಕ್ಕಿತು. ಮಾಳಿಗೆಯ ಬಿಸಿಲು, ಮೊರ, ಎಲ್ಲ ಇದೆ. ಎಣ್ಣೆಯ ಬಗ್ಗೆ ಪೆನ್ಸಿಲಿನಲ್ಲಿ ಒಂದೇ ಸಾಲು: "ಔಡಲೆಣ್ಣಿ ಇಲ್ಲ ಅಂದಳು, ಇದನ್ನ ಹಾಕು ಅಂದಳು." ಯಾರು ಅಂದಳು ಎಂದು ಬರೆದಿಲ್ಲ. ಅವ್ವ ಆ ತಿಂಗಳು ಬಾಣಂತಿಯಾಗಿ ತವರಿನಲ್ಲಿದ್ದಳು; ಮನೆಯಲ್ಲಿ ಇದ್ದ ಹೆಂಗಸು ಒಬ್ಬಳೇ. ಅಥವಾ ಆ ತಿಂಗಳನ್ನೂ ನಾನು ತಪ್ಪಾಗಿ ನೆನೆಯುತ್ತಿರಬಹುದು.

ಮುಂದಿನ ರಜೆಯಲ್ಲಿ ಹೋದಾಗ ಅತ್ತಿ ಪಡಸಾಲೆಯಲ್ಲಿ ಬಿಲ್ಲೆ ಕತ್ತರಿಸುತ್ತಿದ್ದಳು. ಎದುರಿಗೆ ಕೂತು ಕೇಳಿದೆ. ಅವಳು ಕತ್ತರಿಯನ್ನು ನನ್ನ ಕೈಗೆ ಕೊಟ್ಟು, ಧೋತರದ ಇನ್ನೊಂದು ತುದಿಯನ್ನು ನನ್ನ ಮಡಿಲಿಗೆ ಎಳೆದಳು. ಆಮೇಲೆ ಮತ್ತೆರಡು ಸಲ ಕೇಳಿದ್ದೇನೆ, ಪ್ರತಿಸಲವೂ ಅದೇ ಮಾತಿನಲ್ಲಿ:

"ಅತ್ತಿ, ಆವತ್ತ ಕುಸುಬಿ ಎಣ್ಣಿ ಡಬ್ಬಿ ನನ್ನ ಕೈಯಾಗ ಕೊಟ್ಟಾಕಿ ನೀನೇನ?"