ಗಿಲಾವಿನ ಹಿಂದಿನ ಚಂದ್ರಮುಕುಟ

ಆ ಹಕ್ಕಿಗೂಡಿನ ದಾಖಲೆ ಹಾಳೆಯ ಮೇಲೆ ನಾನು ಬರೆದಿರುವ ದಿನ ಸುಳ್ಳು. ನಿವೃತ್ತನಾದ ಮೇಲೆ ಹಳೆಯ ಹಾಳೆಗಳನ್ನು ಕ್ಷೇತ್ರಕಾರ್ಯದ ದಿನಚರಿಯೊಡನೆ ತಾಳೆ ನೋಡುತ್ತಿದ್ದಾಗ ಅದು ಕಣ್ಣಿಗೆ ಬಿತ್ತು. 1999ರ ಯುಗಾದಿಗೆ ಎರಡು ದಿನ ಮೊದಲೇ ಚಂದ್ರಮುಕುಟ ಹಕ್ಕಿ ಗೂಡು ತೊರೆಯಿತೆಂದು ಹಾಳೆ ಹೇಳುತ್ತದೆ. ಯುಗಾದಿ ಕಳೆದ ಮೂರನೆಯ ದಿನವೂ ಗಂಡು ಹಕ್ಕಿ ಹುಳು ಕಚ್ಚಿಕೊಂಡು ಬಂದದ್ದನ್ನು ದಿನಚರಿ ಹೇಳುತ್ತದೆ. ಎರಡೂ ನನ್ನದೇ ಕೈಬರಹ.

ಗೂಡು ಇದ್ದದ್ದು ಗುಡೇಕೋಟೆಯ ದಾರಿಯಲ್ಲಿನ ಒಂದು ಹಳ್ಳಿಯ ಶಾಲೆಯ ಹಿಂದಿನ ಗೋಡೆಯಲ್ಲಿ, ಕಲ್ಲು ಸಡಿಲಿ ಉಂಟಾದ ಸಂದಿನೊಳಗೆ. ಈ ಜಾತಿಯಲ್ಲಿ ಕಾವು ಕೂರುವುದು ಹೆಣ್ಣು ಮಾತ್ರ. ಆ ಅವಧಿಯಲ್ಲಿ ಅದು ಹೊರಗೆ ಬರುವುದೇ ಅಪರೂಪ. ಗಂಡು ತಂದುಕೊಟ್ಟದ್ದನ್ನು ಒಳಗಿಂದಲೇ ತಿನ್ನುತ್ತದೆ. ಆಗ ಅದರ ಬಾಲದ ಬುಡದಿಂದ ಒಸರುವ ಎಣ್ಣೆ ಕೊಳೆತ ಮಾಂಸದಂತೆ ನಾರುತ್ತದೆ. ಇದನ್ನೆಲ್ಲ ನಾನು ವಿದ್ವಾಂಸರ ಸಭೆಗಳಲ್ಲಿ ವಿಸ್ತಾರವಾಗಿ ಹೇಳಿದವನು.

ಆ ಗೋಡೆಗೆ ಸಿಮೆಂಟಿನ ಗಿಲಾವು ಮಾಡಲು ಕೂಡ್ಲಿಗಿಯಿಂದ ಹಿರಿಯ ಗೌಂಡಿಯೊಬ್ಬ ಬಂದಿದ್ದ. ನನಗೆ ಹರಪನಹಳ್ಳಿ ಕಡೆಯ ಇನ್ನೊಂದು ಗೂಡು ನೋಡುವ ಅವಸರ. “ಹಕ್ಕಿ ಒಳಗಿದ್ದಾಗ ಆ ಸಂದು ಮುಚ್ಚಬೇಡಿ” ಎಂದಷ್ಟೇ ಹೇಳಿದೆ.

ಗಾರೆ ಕಲಸುತ್ತಿದ್ದ ಹೆಂಗಸು ನಕ್ಕಳು: “ಹಕ್ಕಿ ಸಂಸಾರ ಕಾಯಾಕ ಸರ್ಕಾರ ನಿಮ್ಮನ್ನ ಇಟ್ಟೈತೇನ್ರಿ? ನಮ್ಮ ಮನಿಯಾವನ್ನೂ ಒಂದೀಟು ಕಾಯ್ರಿ, ಸಂಜಿಕ ಎಲ್ಲಿ ಹೋಗ್ತಾನ ಅಂತ ಗೊತ್ತಾಗವಲ್ದು.”

ನಾನು ಬಸ್ಸು ಹತ್ತಿದೆ. ಮರುದಿನ ಮಧ್ಯಾಹ್ನ ಮರಳಿದಾಗ ಗೋಡೆ ನುಣುಪಾಗಿತ್ತು. ಗಂಡು ಹಕ್ಕಿ ಹುಳು ಕಚ್ಚಿಕೊಂಡು ಅದೇ ಜಾಗಕ್ಕೆ ಹಾರಿ ಬಂದು, ಹೊಸ ಗಿಲಾವಿನ ಮೇಲೆ ಕಾಲೂರಲಾಗದೆ ಜಾರಿ, ಮತ್ತೆ ಬರುತ್ತಿತ್ತು.

“ಕಣ್ಣಿಲ್ಲವೇನ್ರೀ ನಿಮಗೆ?” ಎಂದು ಗೌಂಡಿಯ ಮೇಲೆ ಕೂಗಾಡಿದೆ. ಮಾಸ್ತರರು ಹೊರಬಂದು ನಿಂತರು.

“ಕಣ್ಣದಾವಂತಲೇ ಕಾದೀನ್ರಿ ಸರ. ಹಕ್ಕಿ ಹಾರಿಹೋದಮ್ಯಾಗ ಮುಚ್ಚಿನಿ. ಒಳಗ ನಾರತಿತ್ತು, ಇಲಿ ಸತ್ತೈತಿ ಅಂದ್ಕಂಡೆ.”

“ಹೋದದ್ದು ಗಂಡು! ಹೆಣ್ಣು ಒಳಗೇ ಕೂತಿರುತ್ತದೆ!”

ಅವನು ಉಳಿ ತಂದು ಗಿಲಾವು ಒಡೆದ. ಹೆಣ್ಣು ಮೊಟ್ಟೆಗಳ ಮೇಲೆ ಕೂತಂತೆಯೇ ಸತ್ತಿತ್ತು. ಬೆನ್ನ ಮೇಲೆ ಗಾರೆ ಗಟ್ಟಿಯಾಗಿತ್ತು. ಗೌಂಡಿ ಅದನ್ನು ನೋಡಿ ಕೇಳಿದ: “ಹೆಣ್ಣು ಒಳಗ ಇರತೈತಿ ಅಂಬೋದು ನಿಮಗ ನಿನ್ನೆನೂ ಗೊತ್ತಿತ್ತೇನ್ರಿ?”

ಗೊತ್ತಿತ್ತು. ಉತ್ತರ ಕೊಡುವ ಬದಲು ಇನ್ನಷ್ಟು ಬೈದೆ.

ಹಾಳೆಯಲ್ಲಿ ಗಿಲಾವನ್ನು ಸಾವಿನ ಕಾರಣವೆಂದು ಬರೆದರೆ ನಾನು ಕೊಟ್ಟ ಸೂಚನೆಯನ್ನೂ ಬರೆಯಬೇಕಾಗುತ್ತಿತ್ತು. ಅದನ್ನು ತಪ್ಪಿಸಲು ದಿನವನ್ನು ಕೆಲಸ ಆರಂಭವಾಗುವ ಮುಂಚೆಗೆ ಸರಿಸಿ, ‘ಹಕ್ಕಿ ಗೂಡು ತೊರೆದಿದೆ’ ಎಂದು ತುಂಬಿದೆ. ಸಾಯುವವರೆಗೂ ಮೊಟ್ಟೆ ಬಿಟ್ಟೇಳದ ಹಕ್ಕಿಯ ಮೇಲೆ ಈ ಆರೋಪ! ನನ್ನ ಪ್ರಬಂಧದೊಳಕ್ಕೂ ಅದೇ ಹೋಯಿತು, ಯಾರೂ ಕೇಳಲಿಲ್ಲ. ಕೇಳಬೇಕಾದವನು ಗೌಂಡಿ. ಹಕ್ಕಿಯ ಕೊಕ್ಕಿನ ಉದ್ದ ಬರೆದುಕೊಂಡ ನಾನು ಅವನ ಹೆಸರು ಬರೆದುಕೊಂಡಿರಲಿಲ್ಲ.

ಇಂದು ಆ ಸಾಲನ್ನು ಹೊಡೆದುಹಾಕಿ ದಿನಚರಿಯ ದಿನವನ್ನು ಬರೆದೆ. ಕಾರಣ ಬರೆಯುವ ಜಾಗದಲ್ಲಿ ಹೀಗೆ ಬರೆದಿದ್ದೇನೆ: ಹೆಣ್ಣು ಒಳಗಿರುವುದನ್ನು ಸಂಶೋಧಕ ಗೌಂಡಿಗೆ ಹೇಳಲಿಲ್ಲ.