ನಮ್ಮ ಮಾವನವರ ಮೊಳದುದ್ದದ ಉಗಿಯಂತ್ರ

ಬನಹಟ್ಟಿಯ ನಮ್ಮ ಮನೆಯಲ್ಲಿ ಅಡುಗೆಮನೆಗೆ ಅಂಟಿಕೊಂಡೇ ಒಂದು ಕೋಣೆಯಿದೆ. ೧೯೫೧ರಲ್ಲಿ ಸೊಸೆಯಾಗಿ ಬಂದ ಮೂರನೆಯ ದಿನ ಕಾಳುಕಡಿಯ ಕೋಣೆಯಿರಬೇಕೆಂದು ನಾನು ಅದರ ಬಾಗಿಲು ತೆರೆದೆ. ಒಳಗೆ ಹೊಲಿಗೆ ಯಂತ್ರದ ಹಾಗೆ ಕಾಲಿನಿಂದ ತುಳಿದು ತಿರುಗಿಸುವ, ಲೋಹ ಕಡೆಯುವ ಒಂದು ಲೇತು, ಗೋಡೆಯುದ್ದಕ್ಕೂ ತೂಗುಹಾಕಿದ ಅರಗಳು, ಸುತ್ತಿಗೆಗಳು. ನೆಲದ ಮೇಲೆ ಮಾವನವರು, ಚನಮಲ್ಲಪ್ಪನವರು, ಹಿತ್ತಾಳೆಯ ಚೂರೊಂದನ್ನು ಉಜ್ಜುತ್ತ ಕೂತಿದ್ದರು. ಏನು ಮಾಡುತ್ತಿದ್ದೀರೆಂದು ಕೇಳಿದ್ದಕ್ಕೆ ತಲೆ ಎತ್ತದೆ ‘ಇಂಜಿನ್’ ಎಂದರು. ನಾನು ಪುಣೆಯಲ್ಲಿ ಓದಿ ಬೆಳೆದವಳು. ಇಂಜಿನ್ನೆಂದರೆ ರೈಲು ನಿಲ್ದಾಣದಲ್ಲಿ ಇರಬೇಕಾದದ್ದು, ಅಡುಗೆಮನೆಯ ಪಕ್ಕದಲ್ಲಲ್ಲ.

ಮಾವನವರು ನೇಕಾರರು. ಹದಿನೇಳನೆಯ ವಯಸ್ಸಿಗೆ ಸೊಲ್ಲಾಪುರದ ಒಂದು ಗಿರಣಿಗೆ ಹೋಗಿ ಅಲ್ಲಿ ಇಂಜಿನ್ನಿನ ಮನೆಯಲ್ಲಿ ಎಣ್ಣೆ ಹಾಕುವ ಕೆಲಸಕ್ಕೆ ನಿಂತವರು. ಹನ್ನೊಂದು ವರ್ಷ ಆ ದೊಡ್ಡ ಉಗಿಯಂತ್ರದ ಮಗ್ಗುಲಲ್ಲೇ ಇದ್ದರು. ತಂದೆ ತೀರಿಕೊಂಡಾಗ ಮಗ್ಗ ನೋಡುವವರಿಲ್ಲವೆಂದು ಊರಿಗೆ ಮರಳಬೇಕಾಯಿತು. ಗಿರಣಿ ಬಿಡುವ ಮುಂಚೆ ಒಂದು ತಿಂಗಳು ದಿನವೂ ಊಟದ ಬಿಡುವಿನಲ್ಲಿ ಸೀರೆ ಅಳೆಯುವ ಪಟ್ಟಿಯಿಂದ ಆ ಯಂತ್ರದ ಒಂದೊಂದೇ ಭಾಗ ಅಳೆದು ವಹಿಯಲ್ಲಿ ಬರೆದುಕೊಂಡಿದ್ದರು. ಅಲ್ಲಿಯ ಒಂದು ಫೂಟು ಇಲ್ಲಿಯ ಒಂದು ಇಂಚು; ಅದು ಅವರ ಲೆಕ್ಕ. ಲೇತು ಸಾಂಗಲಿಯ ಹಳೆಯ ಸಾಮಾನಿನ ಪೇಟೆಯಿಂದ ಬಂದದ್ದು. ಹಗಲು ಮಗ್ಗ, ಸಂಜೆ ಎರಡು ತಾಸು ಆ ಕೋಣೆ. ಹೀಗೆ ಒಂಬತ್ತು ವರ್ಷ.

ನನಗೆ ಮಗಳು ಹುಟ್ಟುವ ತನಕ ಅದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಅವಳು ಅಂಬೆಗಾಲಿಕ್ಕತೊಡಗಿದ ದಿನದಿಂದ ನನ್ನ ಜೀವ ಆ ಹೊಸ್ತಿಲಲ್ಲೇ ನಿಂತಿತು. ಹಿತ್ತಾಳೆಯ ಚೂರು ಕಾಲಿಗೆ ಚುಚ್ಚೀತೇ, ಮೊಳೆ ನುಂಗ್ಯಾಳೇ, ಬೆರಳು ಗಾಲಿಗೆ ಸಿಕ್ಕೀತೇ ಎಂದು ದಿನಕ್ಕೆ ಹತ್ತು ಸಲ ಹೋಗಿ ನೋಡುತ್ತಿದ್ದೆ. ಹಾಗೆ ನೋಡಿ ನೋಡಿಯೇ ಅವರ ಕೆಲಸದ ರೀತಿ ನನಗೆ ತಿಳಿದದ್ದು. ಮನೆಯಲ್ಲಿ ಇಂಥ ಕೆಲಸ ಇಟ್ಟುಕೊಂಡವರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಕೆಲಸಕ್ಕೆ ಕೂಡುವಾಗ ಧೋತರದ ಚುಂಗು ಸೊಂಟಕ್ಕೆ ಬಿಗಿದು, ಅಂಗಿಯ ತೋಳು ಮೊಣಕೈ ಮೇಲೇರಿಸಿ ಕಟ್ಟುತ್ತಿದ್ದರು. ಸಣ್ಣ ತಿರುಪುಗಳನ್ನು ಬಿಚ್ಚುವುದು ಅಂಚಿರುವ ತಾಟಿನಲ್ಲಿ, ಅದರ ಕೆಳಗೆ ಬಿಳಿ ಅರಿವೆ ಹಾಸಿಕೊಂಡು. ಬಿದ್ದರೆ ಉರುಳಬಾರದು, ಕಣ್ಣಿಗೆ ಕಾಣಬೇಕು. ಅರದ ಹಲ್ಲಿನಲ್ಲಿ ಹಿತ್ತಾಳೆ ಕಚ್ಚಿಕೊಳ್ಳದಂತೆ ಮೊದಲು ಸಾಲೆಯ ಖಡು, ಸೀಮೆಸುಣ್ಣ, ಉಜ್ಜುತ್ತಿದ್ದರು. ಏಳುವ ಮುಂಚೆ ಒದ್ದೆಯ ಗೋಣಿತಟ್ಟಿನಿಂದ ನೆಲವನ್ನು ಮೂಲೆಮೂಲೆಯೂ ಒರೆಸುತ್ತಿದ್ದರು. ಕಸಬರಿಗೆಗೆ ಸಿಗದ ಚೂರು ಒದ್ದೆ ತಟ್ಟಿಗೆ ಅಂಟುತ್ತದೆ. ಆ ಕೋಣೆಯಿಂದ ನನ್ನ ಮಗಳಿಗೆ ಒಂದು ಗೀರೂ ಆಗಲಿಲ್ಲ.

ಆದರೆ ೧೯೫೪ರ ದಸರೆಯ ಹೊತ್ತಿಗೆ ತಾಮ್ರದ ಬಾಯ್ಲರು ಸಿದ್ಧವಾಯಿತು. ಅದೇ ವಾರ ಎಲ್ಲಿಯೋ ಒಂದು ಕಾರಖಾನೆಯಲ್ಲಿ ಬಾಯ್ಲರು ಒಡೆದು ಇಬ್ಬರು ಸತ್ತರೆಂದು ಪತ್ರಿಕೆಯಲ್ಲಿ ಓದಿದೆ. ನನಗೆ ಊಟ ಸೇರಲಿಲ್ಲ. ಮಾವನವರ ಮುಂದೆ ನಿಂತು ಎದುರು ಮಾತಾಡುವ ರೂಢಿ ನಮ್ಮಲ್ಲಿ ಇಲ್ಲ; ಆದರೂ ಅಂದು ನಿಂತು, ಕೂಸು ಇರುವ ಮನೆಯಲ್ಲಿ ಅದಕ್ಕೆ ಬೆಂಕಿ ಇಡಬೇಡಿರೆಂದು ಹೇಳಿಬಿಟ್ಟೆ. ಅತ್ತೆ ಶಿವಗಂಗವ್ವನವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

ಮಾವನವರು ಸಿಟ್ಟಾಗಲಿಲ್ಲ.

“ಅಂಜೂದು ತಪ್ಪಲ್ಲ ಯವ್ವಾ. ಅಂಜಲಾರದಂವ ಬಾಯ್ಲರ್ ಮುಂದ ನಿಂದ್ರಬಾರ್ದು. ನೀನ ಪರೀಕ್ಷಾ ಮಾಡು. ನಿನ್ನ ಮನಸ್ಸಿಗೆ ಬರಲಿಲ್ಲಂದ್ರ ಲೇತ್ ಸಾಬಣ್ಣಗ ಕೊಟ್ಟಬಿಡ್ತೇನಿ.”

ಸಾಬಣ್ಣ ರಬಕವಿಯ ತಾಮ್ರದ ಕೆಲಸಗಾರ, ಮಾವನವರ ಗೆಳೆಯ. ಎರಡು ವರ್ಷದಿಂದ ಆ ಲೇತಿನ ಮೇಲೆ ಅವನ ಕಣ್ಣಿತ್ತು. ಕರಾರು ಎರಡೇ: ಮೊದಲು ನೀರಿನ ಪರೀಕ್ಷೆಯಲ್ಲಿ ಬಾಯ್ಲರು ತಾಳಬೇಕು, ಆಮೇಲೆ ಉಗಿ ಹಾಕಿ ಅಂಗಳದಲ್ಲಿ ಕಾಲು ತಾಸು ಯಂತ್ರ ನಿಲ್ಲದೆ ಓಡಬೇಕು. ಒಂದು ತಪ್ಪಿದರೂ ಲೇತು ಹೋಗುತ್ತದೆ. ಹೇಳಿದ್ದು ಅವರೇ. ನಾನು ಹೂಂ ಎಂದೆ. ಲೇತು ಹೋದರೆ ಅವರ ಸಂಜೆಗಳಲ್ಲಿ ಏನು ಉಳಿಯುತ್ತದೆಂದು ನಾನಾಗ ಯೋಚಿಸಲಿಲ್ಲ.

ನೀರಿನ ಪರೀಕ್ಷೆಯನ್ನು ಅವರು ನನಗೆ ಕೂಸಿಗೆ ಹೇಳಿದಂತೆ ಬಿಡಿಸಿ ಹೇಳಿದರು. ಉಗಿ ಮತ್ತು ಗಾಳಿ ಒಳಗೆ ಕುಗ್ಗಿ ಕೂತಿರುತ್ತವೆ, ಬಿರುಕು ಸಿಕ್ಕರೆ ಸಿಡಿಯುತ್ತವೆ. ನೀರು ಕುಗ್ಗುವುದಿಲ್ಲ. ಒಂದು ಗುಳ್ಳೆ ಗಾಳಿಯೂ ಉಳಿಯದಂತೆ ತಣ್ಣೀರು ತುಂಬಿ ಕೈಪಂಪಿನಿಂದ ಒತ್ತಿದರೆ, ಸೋತ ಬೆಸುಗೆ ನಾಲ್ಕು ಹನಿ ಅಳುತ್ತದೆಯೇ ಹೊರತು ಯಾರನ್ನೂ ಕೊಲ್ಲುವುದಿಲ್ಲ. ಉಗಿಯ ಒತ್ತಡ ಚದರ ಇಂಚಿಗೆ ನಲವತ್ತು ಪೌಂಡು. ನೀರಿನಲ್ಲಿ ಅದರ ಇಮ್ಮಡಿ ತಾಳಬೇಕು. ಸಾಬಣ್ಣ ಕೊಡಕ್ಕೆ ಹಾಕುವ ತವರದ ಬೆಸುಗೆಯೇ ಸಾಕೆಂದು ಹಿಂದೆ ವಾದಿಸಿದ್ದನಂತೆ. ತವರ ಬೆಂಕಿಗೆ ಬೇಗ ಕರಗುತ್ತದೆಂದು ಮಾವನವರು ಬೆಳ್ಳಿಯ ಬೆಸುಗೆಯೇ ಆಗಬೇಕೆಂದು ಹಠ ಹಿಡಿದು, ಅತ್ತೆಯ ಕಾಲುಂಗುರ ಕೇಳಿ ಪಡೆದಿದ್ದರು.

ನಾನು ಗಡಿಯಾರ ಹಿಡಿದು ಒತ್ತಡದ ಮುಳ್ಳಿನ ಮುಂದೆ ಕೂತೆ. ಮುಳ್ಳು ಎಂಬತ್ತಕ್ಕೆ ಏರಿತು. ಅರ್ಧ ತಾಸು ಅಲ್ಲಿಯೇ ನಿಂತಿತು, ಕೂದಲಿನಷ್ಟೂ ಇಳಿಯಲಿಲ್ಲ. ನಾನು ಪ್ರತಿ ಬೆಸುಗೆಯ ಮೇಲೂ ಒಣ ಬೆರಳು ಎಳೆದು ನೋಡಿದೆ. ಎಲ್ಲಿಯೂ ಪಸೆಯಿಲ್ಲ. ಅಂದು ಮೊದಲ ಸಲ, ಇದು ಆಟಿಕೆಯಲ್ಲ, ಈ ಕೈ ಸಾಮಾನ್ಯದ್ದಲ್ಲ ಎಂದು ನನ್ನ ಒಳಗೇ ಅನ್ನಿಸಿತು.

ದೀಪಾವಳಿ ಮುಗಿದ ವಾರ ಅಂಗಳದಲ್ಲಿ ಕಲ್ಲಿನ ಮೇಲೆ ಯಂತ್ರ ಇಟ್ಟರು. ಒಂದು ಮೊಳ ಉದ್ದ. ಹಿತ್ತಾಳೆಯ ಸಿಲಿಂಡರು, ಅದರೊಳಗಿಂದ ಹೊರಬಂದು ಹಿಂದೆ ಮುಂದೆ ಆಡುವ ಉಕ್ಕಿನ ದಂಡ, ಆ ದಂಡ ತಿರುಗಿಸುವ ತಾಟಿನಗಲದ ಗಾಲಿ. ಸೈಕಲ್ಲಿನ ಪಂಪಿನಿಂದ ಗಾಳಿ ಹಾಕಿ ಹಿಂದಿನ ದಿನವೇ ಓಡಿಸಿ ನೋಡಿದ್ದರು, ಚೆನ್ನಾಗಿಯೇ ಓಡಿತ್ತು. ಓಣಿಯ ನೇಕಾರರೆಲ್ಲ ಬಂದರು. ಸಾಬಣ್ಣ ಬಂಡಿ ಹೂಡಿಕೊಂಡೇ ಬಂದ.

“ಚನಮಲ್ಲಪ್ಪಣ್ಣಾ, ಎತ್ತಿಗೆ ಕಣಕಿ ಹಾಕಸ್ಲೊ, ಇಲ್ಲಾ ಈಗ ಲೇತ್ ಹೇರಿಕೊಂಡು ಹೋಗ್ಲೊ?”

“ಹಾಕ್ಸು. ಎತ್ತಾದ್ರೂ ಹೊಟ್ಟಿತುಂಬ ತಿಂದು ಹೋಗ್ಲಿ” ಎಂದರು ಮಾವನವರು.

ನಾನು ಮಗಳನ್ನು ಎತ್ತಿಕೊಂಡು ಪಡಸಾಲೆಯ ಕಟ್ಟೆಯ ಮೇಲೆ ನಿಂತೆ. ಅವರು ಮೊದಲು ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟ ನೋಡಿದರು. ಆಮೇಲೆ ಎಣ್ಣೆ. ಆಮೇಲೆ ಗಾಲಿಯನ್ನು ಕೈಯಿಂದ ಎರಡು ಸುತ್ತು. ಇವು ಮೂರೂ ಆದ ಮೇಲೆಯೇ ಇದ್ದಲಿಗೆ ಕಿಡಿ. ಮುಳ್ಳು ನಲವತ್ತು ಮುಟ್ಟಿದಾಗ ಹೆಚ್ಚಿನ ಉಗಿ ಬಿಡುವ ಬಿರಡೆ ತಾನಾಗಿ ಎದ್ದು ಸುಯ್ಯೆಂದಿತು. ನಾನು ಮಗಳನ್ನು ಅವಚಿಕೊಂಡು ಹಿಂದೆ ಸರಿದೆ, ಅವರು ತಿರುಗಿ ನೋಡಿ, ಅದು ಸುಯ್ಯೆನ್ನುವುದೇ ಕ್ಷೇಮವೆಂದು ಕೈಸನ್ನೆ ಮಾಡಿದರು. ಉಗಿ ತೆರೆದರು. ಗಾಲಿ ತಿರುಗಿತು. ಕಣ್ಣಿಗೆ ಕಡ್ಡಿಗಳು ಕಾಣದಷ್ಟು ಜೋರಾಗಿ ತಿರುಗಿತು.

ಆರನೆಯ ನಿಮಿಷಕ್ಕೆ ದಂಡ ತಡವರಿಸಿತು. ಏಳನೆಯದಕ್ಕೆ ಗಾಲಿ ನಿಂತಿತು.

ಸುಳ್ಳು ಹೇಳಲಾರೆ, ಒಂದು ಕ್ಷಣ ನನಗೆ ಹಗುರೆನಿಸಿತು. ಆಮೇಲೆ ಮಾವನವರ ಮುಖ ನೋಡಿದೆ. ಅವರು ಬಾಗಿ, ಬೆಂಕಿಯನ್ನು ಬಾಯ್ಲರಿನ ಕೆಳಗಿಂದ ನಿಧಾನವಾಗಿ ಎಳೆಯುತ್ತಿದ್ದರು.

“ನಿಂತತಲ್ಲಪಾ. ಮಾತಂದ್ರ ಮಾತು” ಎಂದ ಸಾಬಣ್ಣ. ಅವನ ದನಿಯಲ್ಲಿ ನಗೆ ಇರಲಿಲ್ಲ.

“ಖರೆ ಐತಿ” ಎಂದರು ಮಾವನವರು. ಲೇತು ಹೊರಗೆ ತರಲು ಇಬ್ಬರು ಕೈ ಕೊಡಿರೆಂದು ನೇಕಾರರಿಗೆ ಹೇಳಿ, ತಾವೇ ಮುಂದಾಗಿ ಕೋಣೆಯತ್ತ ನಡೆದರು.

ಅಷ್ಟರಲ್ಲಿ ಅತ್ತೆ ಯಂತ್ರದ ಹತ್ತಿರ ಬಂದು ಮೂಗು ಅರಳಿಸಿದರು.

“ಇಂಜಿನ್ನಿನಾಗ ಗಂಜಿ ಯಾಕ ಬೇಯಾಕತ್ತೈತ್ರಿ?”

ಮಾವನವರು ಅಲ್ಲಿಯೇ ನಿಂತರು. ದಂಡ ಹೊರಬರುವ ತೂತಿನಿಂದ ಉಗಿ ಸೋರದಿರಲಿ ಎಂದು ಅದರ ಸುತ್ತ ನೂಲು ಸುತ್ತಿ ತುಂಬುತ್ತಾರೆ. ಅವರ ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ಆ ನೂಲನ್ನು ದನದ ಕೊಬ್ಬಿನಲ್ಲಿ ಅದ್ದಿರೆಂದು ಇತ್ತು. ಓದಿ ಹೇಳಿದವಳು ನಾನೇ. ನಮ್ಮ ಮನೆಯೊಳಗೆ ಕೊಬ್ಬು ಬರುವಂತಿಲ್ಲ. ಅದಕ್ಕೆ ಔಡಲೆಣ್ಣೆಯಲ್ಲಿ ಅದ್ದಿದ್ದರು. ಎಣ್ಣೆಯಲ್ಲಿ ತಪ್ಪಿರಲಿಲ್ಲ. ನೂಲು ಬೇಕೆಂದಾಗ ನೇಕಾರನ ಕೈ ಗಟ್ಟಿ ನೂಲಿಗೇ ಹೋಗಿತ್ತು, ಮಗ್ಗದಲ್ಲಿ ಉಳಿದ, ಉದ್ದಕ್ಕೆ ಕಟ್ಟುವ ಹಾಸಿನ ಎಳೆಗೆ. ಹಾಸಿನ ಎಳೆ ಗಟ್ಟಿಯಾಗುವುದೇ ಗಂಜಿಯಿಂದ. ಆ ಗಂಜಿ ಕಾಸಿ ಹಚ್ಚಿದವರು ಅತ್ತೆಯೇ. ಸೈಕಲ್ ಪಂಪಿನ ಒಣಗಾಳಿಗೆ ಗಂಜಿ ಸುಮ್ಮನಿತ್ತು. ಉಗಿ ತಾಗಿದ್ದೇ ತಡ ಬೆಂದು ಅಂಟಾಗಿ ದಂಡವನ್ನು ಹಿಡಿದುಬಿಟ್ಟಿತ್ತು. ಸೊಲ್ಲಾಪುರದ ಯಾವ ಇಂಜಿನಿಯರನೂ ಈ ತಪ್ಪು ಮಾಡುತ್ತಿರಲಿಲ್ಲ. ಬನಹಟ್ಟಿಯ ನೇಕಾರನೇ ಮಾಡಬೇಕು.

“ಆತು, ಗೊತ್ತಾತು. ಆದ್ರ ಮಾತು ಮುಗದೈತಿ” ಎಂದು ಮಾವನವರು ಮತ್ತೆ ಕೋಣೆಯತ್ತ ತಿರುಗಿದರು.

ಕಟ್ಟೆಯಿಂದ ಇಳಿದದ್ದು ನನಗೆ ನೆನಪಿಲ್ಲ. ಮಗಳನ್ನು ಅತ್ತೆಯ ಕೈಗೆ ಕೊಟ್ಟು, ಓಣಿಯ ಗಂಡಸರೆಲ್ಲರ ಎದುರಿಗೆ ಹೇಳಿದೆ: “ನನ್ನ ಅಂಜಿಕೆ ಬಾಯ್ಲರಿಂದಿತ್ತು ಮಾವಾರ, ನೂಲಿಂದಲ್ಲ. ಬಾಯ್ಲರ್ ತಡದೈತಿ. ಪರೀಕ್ಷಾ ಮಾಡಾಕಿ ನಾನು. ಇನ್ನೊಮ್ಮೆ ಹಚ್ಚರಿ.”

ಅವರು ಸಾಬಣ್ಣನ ಕಡೆ ನೋಡಿದರು. ಸಾಬಣ್ಣ ಹೂಂ ಎಂದು ತಲೆಯಾಡಿಸಿ ಆಗಲೇ ಬಂಡಿಯಿಂದ ಎತ್ತು ಬಿಚ್ಚುತ್ತಿದ್ದ.

ಮುಳ್ಳು ಸೊನ್ನೆಗೆ ಬರುವ ತನಕ ಮಾವನವರು ಒಂದು ತಿರುಪನ್ನೂ ಮುಟ್ಟಲಿಲ್ಲ. ಎಲ್ಲರೂ ಅವಸರಪಡಿಸಿದರು, ಅವರು ಕೂತೇ ಇದ್ದರು. ಆರಿದ ಮೇಲೆ ಬಿಚ್ಚಿ, ದಂಡವನ್ನು ಬಿಸಿನೀರಿನಿಂದ ತಿಕ್ಕಿ, ಈ ಸಲ ಲಾಳಿಯೊಳಗಿನ, ಅಡ್ಡ ನೇಯುವ ಹೊಕ್ಕಿನ ನೂಲು ತೆಗೆದರು. ಹೊಕ್ಕಿಗೆ ಗಂಜಿ ಇಲ್ಲ. ಎಣ್ಣೆಯಲ್ಲಿ ಅದ್ದಿ, ಬಹಳ ಬಿಗಿಯಾಗದಂತೆ ಬೆರಳಿನಿಂದಷ್ಟೇ ತಿರುಪು ಕೂಡಿಸಿದರು. ಮತ್ತೆ ನೀರಿನ ಮಟ್ಟ, ಮತ್ತೆ ಎಣ್ಣೆ, ಮತ್ತೆ ಕೈಯಿಂದ ಎರಡು ಸುತ್ತು. ಹೊತ್ತು ಇಳಿಯುವ ಮುಂಚೆ ಗಾಲಿ ತಿರುಗಿತು. ಕಾಲು ತಾಸು ದಾಟಿತು. ನಾನು ಗಡಿಯಾರ ಮುಚ್ಚಿಟ್ಟೆ. ನೀರು ಕಡಿಮೆಯಾಗಿ ಅವರೇ ಬೆಂಕಿ ತೆಗೆಯುವ ತನಕ, ನಲವತ್ತು ನಿಮಿಷ, ಅದು ಓಡಿತು.

ಆಮೇಲೆ ಜಮಖಂಡಿಯಿಂದ, ಮಹಾಲಿಂಗಪುರದಿಂದ, ಮುಧೋಳದಿಂದ ಜನ ಬಂದು ನೋಡಿ ಹೋದರು. ಬಂದವರಿಗೆ ಎಂಬತ್ತು ಪೌಂಡಿನ ಕಥೆ ಹೇಳುವವಳು ನಾನು. ಇವರು ನಮ್ಮ ಮಾವನವರು ಎಂದು ಹೇಳುವಾಗ ನನ್ನ ದನಿ ತಾನಾಗಿ ಏರುತ್ತದೆ.

ಯಂತ್ರ ಓಡಿದ ಆ ದಿನ ಸಂಜೆ ಜನ ಚದುರಿದ ಮೇಲೆ ಮಾವನವರು ಕೋಣೆಯ ಬಾಗಿಲಲ್ಲಿ ನಿಂತು ಕೇಳಿದರು: “ಇನ್ನೂ ಏನರ ಅಂಜಿಕಿ ಐತೇನವಾ?”

ಇದೆ ಎಂದೆ. ಬಾಗಿಲಿಗೆ ಕೂಸಿನ ಕೈಗೆ ನಿಲುಕದಷ್ಟು ಮೇಲೆ ಒಂದು ಚಿಲಕ ಬೇಕೆಂದೆ. ಅವರು ಒಳಗೆ ಹೋಗಿ ಲೇತಿನ ಮುಂದೆ ಕೂತು, ಹಿತ್ತಾಳೆಯ ತುಂಡೊಂದನ್ನು ಹುಡುಕತೊಡಗಿದರು.